ಮಳೆ ಗಾಳಿಗೆ ಕೈಕೊಡದ ಲೈಟರ್: ಸರಕನ್ನು ಆರಿಸುವ ಬಗೆ

ಜೇಬು ಲೈಟರ್ ಎಂಬುದು ಗಲ್ಲಾಪೆಟ್ಟಿಗೆಯ ಪಕ್ಕದ ಡಬ್ಬಿಯಲ್ಲಿ ಬಿದ್ದಿರುವ ಚಿಲ್ಲರೆ ಸರಕು. ಅದರ ಬಗ್ಗೆ ಲೇಖನ ಬರೆಯುವಷ್ಟು ವಿಷಯವಿದೆಯೇ ಎಂದು ಸದಸ್ಯ ಬಂಧುಗಳಲ್ಲಿ ಕೆಲವರಿಗಾದರೂ ಅನಿಸಬಹುದು. ಕೆಲವು ವರ್ಷಗಳ ಹಿಂದಿನವರೆಗೆ ಈ ಲೇಖಕನ ಅಭಿಪ್ರಾಯವೂ ಅದೇ ಆಗಿತ್ತು. ಒಂದು ಬೇಸಿಗೆಯಲ್ಲಿ ಹೊರರಾಜ್ಯದ ಸಗಟು ವ್ಯಾಪಾರಿಯೊಬ್ಬರಿಂದ ಅಗ್ಗದ ದರಕ್ಕೆ ತರಿಸಿದ ಲೈಟರ್‌ಗಳ ಪೆಟ್ಟಿಗೆಯು ಅರಸೀಕೆರೆಯ ಬಿಸಿಲಿನಲ್ಲಿ ನಿಂತಿದ್ದ ವ್ಯಾನಿನೊಳಗೆ ಅರ್ಧ ದಿನ ಉಳಿಯಿತು. ಸಂಜೆ ಬಾಗಿಲು ತೆರೆದಾಗ ಅನಿಲದ ವಾಸನೆ ಮುಖಕ್ಕೆ ಹೊಡೆಯಿತು. ಅನೇಕ ಲೈಟರ್‌ಗಳ ತಳ ಸೀಳಿ, ಇಂಧನವೆಲ್ಲ ಆರಿಹೋಗಿತ್ತು. ಆ ಹೊತ್ತಿನಲ್ಲಿ ಚಾಲಕರು ಬೀಡಿ ಹಚ್ಚದೆ ಇದ್ದುದು ನಮ್ಮ ಪುಣ್ಯ.

ಅಲ್ಲಿಗೆ ಎಚ್ಚೆತ್ತುಕೊಳ್ಳಬೇಕಿತ್ತು. ಆದರೆ ಸೀಳದೆ ಉಳಿದವನ್ನು ಒರೆಸಿ, ಡಬ್ಬಿಗೆ ತುಂಬಿ, ಮಾರಾಟಕ್ಕಿಟ್ಟೆವು. ಆಷಾಢದ ಮಳೆಯಲ್ಲಿ ಸಕಲೇಶಪುರದ ಕಡೆಯ ತೋಟವೊಂದರಲ್ಲಿ ಬಿಡಾರ ಹೂಡಿದ್ದ ಯುವಕರ ತಂಡವು ಆ ಲೈಟರ್‌ಗಳಲ್ಲಿ ನಾಲ್ಕನ್ನು ಕೊಂಡೊಯ್ದಿತ್ತು. ನಾಲ್ಕೂ ಹೊತ್ತಲಿಲ್ಲ. ಕೈಯಲ್ಲಿ ಒಲೆಯಿತ್ತು, ಸೀಮೆಎಣ್ಣೆಯಿತ್ತು, ಅಕ್ಕಿಯಿತ್ತು. ಬೆಂಕಿ ಮಾತ್ರ ಇರಲಿಲ್ಲ. ಒದ್ದೆ ಬಟ್ಟೆಯಲ್ಲಿ ನಡುಗುತ್ತ ರಾತ್ರಿ ಕಳೆದು, ಜ್ವರ ಹಿಡಿಸಿಕೊಂಡು ಮರಳಿದರು. ತಂಡದ ಮುಖ್ಯಸ್ಥರು ಹಣವನ್ನು ವಾಪಸು ಕೇಳಲಿಲ್ಲ. ನಮ್ಮ ಅಂಗಡಿಯ ಮೆಟ್ಟಿಲನ್ನು ಮತ್ತೆ ಹತ್ತಲೂ ಇಲ್ಲ. ಹತ್ತಾರು ರೂಪಾಯಿಯ ಸರಕು ಸಾವಿರಾರು ರೂಪಾಯಿಯ ಗಿರಾಕಿಯನ್ನು ಕಳೆಯಿತು. ತರುವಾಯ ಈ ಸರಕಿನ ಒಳಹೊರಗನ್ನು ತಿಳಿಯುವ ಯತ್ನ ಮಾಡಿದ್ದರಿಂದ ದೊರೆತ ಕೆಲವು ವಿಚಾರಗಳನ್ನು ಇಲ್ಲಿ ನಿವೇದಿಸಲಾಗಿದೆ.

ಕಿಡಿ ಎಲ್ಲಿಂದ ಬರುತ್ತದೆ?

ಯಾವುದೇ ಲೈಟರಿನಲ್ಲಿ ನೋಡಬೇಕಾದುದು ಮೂರು: ಕಿಡಿ, ಇಂಧನ, ಮತ್ತು ಇಂಧನವನ್ನು ಹಿಡಿದಿಡುವ ಕವಚ. ಹೊರಗಿನ ಬಣ್ಣ, ಹೊಳಪು, ಜ್ವಾಲೆಯ ಆರ್ಭಟಗಳು ಗಿರಾಕಿಯ ಕಣ್ಣನ್ನು ಸೆಳೆಯುತ್ತವೆಯೇ ಹೊರತು ಮಳೆಯಲ್ಲಿ ಒಲೆ ಹಚ್ಚುವುದಿಲ್ಲ.

ನಾವು 'ಲೈಟರ್ ಕಲ್ಲು' ಎಂದು ಕರೆಯುವ ವಸ್ತು ವಾಸ್ತವವಾಗಿ ಕಲ್ಲಲ್ಲ. ಅದು ಫೆರೋಸೀರಿಯಂ ಎಂಬ ಮಿಶ್ರಲೋಹ. ಆಸ್ಟ್ರಿಯಾದ ರಸಾಯನಶಾಸ್ತ್ರಜ್ಞ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್ 1903ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಹಿಂದೆ ನಮ್ಮ ಮದುವೆ ಮನೆಗಳನ್ನು ಬೆಳಗುತ್ತಿದ್ದ ಪೆಟ್ರೋಮ್ಯಾಕ್ಸ್ ದೀಪದ ಮ್ಯಾಂಟಲ್ ಕೂಡ ಇದೇ ಮಹಾಶಯರ ಶೋಧನೆಯ ಫಲ. ಮ್ಯಾಂಟಲಿಗೆ ಬೇಕಾದ ಥೋರಿಯಂ ಅನ್ನು ಮೊನಜೈಟ್ ಮರಳಿನಿಂದ ತೆಗೆದ ಮೇಲೆ ಸೀರಿಯಂ ಮೊದಲಾದ ಲೋಹಗಳು ಬೇಡದ ಕಸವಾಗಿ ರಾಶಿ ಬೀಳುತ್ತಿದ್ದವು. ಆ ಕಸಕ್ಕೆ ಕಬ್ಬಿಣವನ್ನು ಬೆರೆಸಿ ಕಿಡಿ ಕಾರುವ ಲೋಹವನ್ನು ಮಾಡಿದ ವೆಲ್ಸ್‌ಬಾಖ್, ಅದರ ಮೇಲೊಂದು ಹೊಸ ಉದ್ಯಮವನ್ನೇ ಕಟ್ಟಿದರು. ತಮ್ಮ ಕಾರ್ಖಾನೆಯ ಹಿಂಬದಿಯಲ್ಲಿ ಬಿದ್ದಿರುವ ತ್ಯಾಜ್ಯವನ್ನು ನಮ್ಮ ಸಣ್ಣ ಉತ್ಪಾದಕರು ಒಮ್ಮೆ ತಿರುಗಿ ನೋಡಲು ಇದೊಂದು ನೆಪವಾದೀತು. ಅಂದಹಾಗೆ ಅಂಥ ಮೊನಜೈಟ್ ಮರಳು ನೆರೆಯ ಕೇರಳದ ಕರಾವಳಿಯಲ್ಲಿಯೂ ದೊರೆಯುತ್ತದೆ.

ಉಕ್ಕಿನ ಒರಟು ಗಾಲಿಯು ಈ ಲೋಹವನ್ನು ಕೆರೆದಾಗ ಸೂಕ್ಷ್ಮ ಚೂರುಗಳು ಹಾರಿ, ಗಾಳಿ ಸೋಕಿದೊಡನೆ ತಾವಾಗಿ ಉರಿಯುತ್ತವೆ. ಈ ಕಿಡಿಗೆ ಎತ್ತರವಾಗಲಿ, ಚಳಿಯಾಗಲಿ ಅಡ್ಡಿಯಾಗುವುದಿಲ್ಲ. ನೀರು ಬಿದ್ದರೆ ನಿಲ್ಲುತ್ತದೆ ನಿಜ. ಆದರೆ ಗಾಲಿಯನ್ನು ಊದಿ, ಒಣಬಟ್ಟೆಯ ಮೇಲೆ ನಾಲ್ಕು ಬಾರಿ ಉರುಳಿಸಿದರೆ ಮರಳಿ ಬರುತ್ತದೆ. ಅನಿಲ ಮುಗಿದ ಮೇಲೂ ಕಿಡಿ ಮಾತ್ರ ಬರುತ್ತಲೇ ಇರುವುದರಿಂದ, ಬಲ್ಲವರು ಒಣಹತ್ತಿಯ ಎಳೆಗೆ ಅದನ್ನು ಹಿಡಿದು ಬೆಂಕಿ ಮಾಡಿಯಾರು.

ಗುಂಡಿ ಒತ್ತಿದರೆ 'ಟಕ್' ಎನ್ನುವ ಪೀಜೋ ಲೈಟರಿನದು ಬೇರೆ ಕಥೆ. ಅದರೊಳಗೆ ಸ್ಪ್ರಿಂಗಿನ ಬಲದಿಂದ ಪುಟ್ಟ ಸುತ್ತಿಗೆಯೊಂದು ಪಿಂಗಾಣಿ ಹರಳಿಗೆ ಹೊಡೆಯುತ್ತದೆ; ಆ ಹೊಡೆತಕ್ಕೆ ಸಾವಿರಾರು ವೋಲ್ಟಿನ ವಿದ್ಯುತ್ತು ಹುಟ್ಟಿ, ತಂತಿಯ ತುದಿಯಿಂದ ಕಿಡಿಯಾಗಿ ಹಾರುತ್ತದೆ. ಅಡುಗೆಮನೆಯ ಗ್ಯಾಸ್ ಒಲೆಗೆ ಇದು ಬಹು ಸೊಗಸು. ಆದರೆ ಈ ಕಿಡಿ ಬಹಳ ಸಣ್ಣದು. ತೇವ ಹಿಡಿದರೆ ವಿದ್ಯುತ್ತು ದಾರಿ ತಪ್ಪುತ್ತದೆ. ಅನಿಲ ಮತ್ತು ಗಾಳಿಯ ಬೆರಕೆ ಸರಿಯಾಗಿಲ್ಲದಿದ್ದರೆ ಕಿಡಿ ಹಾರಿದರೂ ಹೊತ್ತುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 3500 ಮೀಟರ್ ಎತ್ತರದಲ್ಲಿರುವ ಲೇಹ್ ಪಟ್ಟಣದಲ್ಲಿ ಗಾಳಿಯ ಒತ್ತಡವು ಇಲ್ಲಿಯದರ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ಅಂಥ ಕಡೆಗಳಲ್ಲಿ ಪೀಜೋ ಲೈಟರ್ ಕೈಕೊಟ್ಟಿತೆಂದು ಹಿಮಾಲಯಕ್ಕೆ ಹೋಗಿಬಂದ ಗಿರಾಕಿಗಳು ದೂರುವುದು ಇದೇ ಕಾರಣಕ್ಕೆ. ಕೆಟ್ಟರೆ ರಿಪೇರಿಗೂ ಬರುವುದಿಲ್ಲ.

ಟಾರ್ಚಿನಂತೆ ನೀಲಿ ಜ್ವಾಲೆ ಉಗುಳುವ ಜೆಟ್ ಲೈಟರ್‌ಗಳಲ್ಲಿಯೂ ಸಾಮಾನ್ಯವಾಗಿ ಇರುವುದು ಇದೇ ಪೀಜೋ ಕಿಡಿ. ಬಯಲುಸೀಮೆಯ ಗಾಳಿಗೆ ಆ ಜ್ವಾಲೆ ಬಗ್ಗುವುದಿಲ್ಲ ಎಂಬುದು ಸತ್ಯ. ಗಿರಾಕಿಗೆ ತೋರಿಸಿದೊಡನೆ ಮಾರಾಟವಾಗುವುದೂ ಅದೇ. ಆದರೆ ಅದರ ನಾಜಲ್ ಕೂದಲೆಳೆಯಷ್ಟು ಕಿರಿದು. ಜೇಬಿನ ಧೂಳು, ಕೊಳಕು ಅನಿಲ ಸೇರಿದರೆ ಕಟ್ಟಿಕೊಳ್ಳುತ್ತದೆ. ಇಂಧನವನ್ನೂ ಬೇಗ ತಿನ್ನುತ್ತದೆ. ಇದನ್ನು ಎರಡನೆಯ ಲೈಟರ್ ಆಗಿ ಮಾರಿರಿ, ಒಂದೇ ಲೈಟರ್ ಆಗಿ ಮಾರಬೇಡಿರಿ ಎಂಬುದು ನಮ್ಮ ಸಲಹೆ. ಬ್ಯಾಟರಿಯಿಂದ ನಡೆಯುವ ಹೊಸ ಮಾದರಿಯ ಲೈಟರ್‌ಗಳು ಕಚೇರಿಯ ಮೇಜಿಗೆ ಒಪ್ಪುತ್ತವೆ; ಚಾರ್ಜು ಮಾಡಲು ವಿದ್ಯುತ್ತಿಲ್ಲದ ಕಡೆಗೆ ಹೋಗುವವರಿಗೆ ಅವನ್ನು ಕೊಡುವುದು ತರವಲ್ಲ.

ಇಂಧನದ ಗುಣ

ಅಗ್ಗದ ಲೈಟರಿನಲ್ಲಿ ಇರುವುದು ದ್ರವರೂಪದ ಬ್ಯೂಟೇನ್. ಸಮುದ್ರಮಟ್ಟದಲ್ಲಿ ಅದರ ಕುದಿಬಿಂದು ಶೂನ್ಯಕ್ಕಿಂತ ಅರ್ಧ ಡಿಗ್ರಿ ಸೆಲ್ಸಿಯಸ್ ಕಡಮೆ. ಹಿಮ ಬೀಳುವ ಚಳಿಯಲ್ಲಿ ಅದು ಅನಿಲವಾಗಲು ಹಿಂಜರಿಯುತ್ತದೆ. ಲೈಟರ್ ಸತ್ತಂತೆ ತೋರುತ್ತದೆ. ಒಳಜೇಬಿನಲ್ಲಿಟ್ಟು ಮೈಶಾಖಕ್ಕೆ ಬಿಸಿಯಾದರೆ ಮತ್ತೆ ಹೊತ್ತುತ್ತದೆ. ಅದೇ ಕುಲದ ಐಸೋಬ್ಯೂಟೇನ್ ಶೂನ್ಯಕ್ಕಿಂತ 11 ಡಿಗ್ರಿಗೂ ಹೆಚ್ಚು ಕೆಳಗೆ ಕುದಿಯುವುದರಿಂದ ಚಳಿಗೆ ಅದು ಮೇಲು. 1973ರಲ್ಲಿ ಮಾರುಕಟ್ಟೆಗೆ ಬಂದು ಜಗತ್ತಿನಾದ್ಯಂತ ಹರಡಿದ ಫ್ರಾನ್ಸಿನ ಬಿಕ್ ಲೈಟರಿನಲ್ಲಿ ತುಂಬುವುದು ಐಸೋಬ್ಯೂಟೇನ್.

ನಮ್ಮ ನಾಡಿನ ಗಿರಾಕಿಗೆ ಚಳಿಗಿಂತ ಶಾಖವೇ ಶತ್ರು. 20 ಡಿಗ್ರಿಯಲ್ಲಿ ಬ್ಯೂಟೇನಿನ ಒತ್ತಡ ವಾಯುಮಂಡಲದ ಒತ್ತಡದ ಎರಡರಷ್ಟಿದ್ದರೆ, 50 ಡಿಗ್ರಿಯಲ್ಲಿ ಹೆಚ್ಚುಕಡಮೆ ಐದರಷ್ಟಾಗುತ್ತದೆ. ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ವಾಹನದ ಒಳಗೆ 60 ಡಿಗ್ರಿ ಮುಟ್ಟುವುದುಂಟು. ಅಗ್ಗದ ಮಿಶ್ರಣದಲ್ಲಿ ಪ್ರೊಪೇನ್ ಪಾಲು ಹೆಚ್ಚಿದ್ದರೆ ಒತ್ತಡ ಇನ್ನೂ ಏರುತ್ತದೆ. ದ್ರವವು ಬಿಸಿಗೆ ಹಿಗ್ಗುವ ಕಾರಣ, ಟ್ಯಾಂಕನ್ನು ಕಂಠಪೂರ್ತಿ ತುಂಬಿದ ಲೈಟರಿನಲ್ಲಿ ಹಿಗ್ಗಲು ಎಡೆಯೇ ಇರುವುದಿಲ್ಲ. ಆಗ ತಳ ಸೀಳುತ್ತದೆ. ಅರಸೀಕೆರೆಯಲ್ಲಿ ನಮಗಾದುದು ಇದೇ ಎಂದು ಆಮೇಲೆ ತಿಳಿಯಿತು. ಪಾರದರ್ಶಕ ಕವಚದ ಲೈಟರನ್ನು ನೆಟ್ಟಗೆ ಹಿಡಿದು ಬೆಳಕಿಗೆ ನೋಡಿರಿ. ದ್ರವದ ಮೇಲೆ ಖಾಲಿ ಜಾಗ ಕಾಣಲೇಬೇಕು. ಹೆಚ್ಚು ಇಂಧನ ಕೊಟ್ಟಿದ್ದಾರೆಂದು ಹಿಗ್ಗುವ ವಿಷಯ ಅದಲ್ಲ.

ಬತ್ತಿ ಲೈಟರಿನ ಇಂಧನವು ನಾಫ್ತಾ. ಈ ವರ್ಗದಲ್ಲಿ ಪ್ರಸಿದ್ಧವಾದುದು ಜಿಪ್ಪೊ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬ್ರ್ಯಾಡ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ ಜಾರ್ಜ್ ಬ್ಲೇಸ್‌ಡೆಲ್ ಎಂಬುವರು 1932ರಲ್ಲಿ ಈ ಉದ್ಯಮಕ್ಕೆ ಕೈಹಾಕಿದರು. ಆಸ್ಟ್ರಿಯಾದಲ್ಲಿ ತಯಾರಾದ ಒಂದು ಲೈಟರ್ ಚೆನ್ನಾಗಿ ಉರಿಯುತ್ತಿತ್ತು, ಆದರೆ ಅದನ್ನು ಬಳಸಲು ಎರಡೂ ಕೈ ಬೇಕಾಗುತ್ತಿತ್ತು. ಅದರ ಗಾಳಿತಡೆಯನ್ನು ಉಳಿಸಿಕೊಂಡು, ಮುಚ್ಚಳಕ್ಕೆ ಕೀಲು ಹಾಕಿ, ಒಂದೇ ಕೈಯಲ್ಲಿ ತೆರೆಯುವಂತೆ ಮಾಡಿದರು. 1933ರಲ್ಲಿ ಮೊದಲ ಲೈಟರ್ ಮಾರಾಟಕ್ಕೆ ಬಂದಾಗ ಬೆಲೆ 1.95 ಡಾಲರ್. ಅಂದಿನ ಆರ್ಥಿಕ ಮುಗ್ಗಟ್ಟಿನಲ್ಲಿ ಅದು ಸಣ್ಣ ಮೊತ್ತವಲ್ಲ. ಆದರೂ ಅವರು ಜೀವಾವಧಿ ಖಾತರಿ ಕೊಟ್ಟರು: ಕೆಟ್ಟರೆ ಉಚಿತವಾಗಿ ಸರಿಪಡಿಸಿಕೊಡುವುದು. ಆ ಖಾತರಿ ಈಗಲೂ ನಡೆದುಕೊಂಡು ಬಂದಿದೆ.

ಬತ್ತಿಯ ಸುತ್ತಲಿನ ತೂತುಳ್ಳ ತಗಡಿನ ಗೂಡು ಉರಿಗೆ ಗಾಳಿ ಬೇಕಾದಷ್ಟೇ ಸೇರುವಂತೆ ನೋಡಿಕೊಳ್ಳುತ್ತದೆ. ನಮ್ಮ ಲಾಟೀನಿನ ಬುರುಡೆ ಮಾಡುವ ಕೆಲಸವೇ ಅದು. ಅನಿಲ ಲೈಟರಿಗಿಂತ ಚಳಿಯಲ್ಲಿಯೂ ಇದು ವಾಸಿ. ಬತ್ತಿ, ಕಲ್ಲು, ಸ್ಪ್ರಿಂಗ್ ಎಲ್ಲವನ್ನೂ ಬದಲಿಸಬಹುದು. ಹಾಗಾದರೆ ಬಯಲಿಗೆ ಇದೇ ಅತ್ಯುತ್ತಮವೇ? ಇಲ್ಲಿಯೇ ಗಿರಾಕಿಗಳು ಎಡವುವುದು. ಮುಚ್ಚಳವು ಬಿಗಿಯಾಗಿ ಕಂಡರೂ ನಾಫ್ತಾ ಆವಿಯಾಗುತ್ತಲೇ ಇರುತ್ತದೆ. ತುಂಬಿದ ಲೈಟರ್ ಬಳಸದೆ ಇಟ್ಟರೂ ಒಂದೆರಡು ವಾರದಲ್ಲಿ ಒಣಗುತ್ತದೆ. ನಮ್ಮ ಬೇಸಿಗೆಯಲ್ಲಿ ಇನ್ನೂ ಬೇಗ. ಆದ್ದರಿಂದ ಇದು ದಿನವೂ ಬಳಸಿ, ವಾರಕ್ಕೊಮ್ಮೆ ತುಂಬುವ ಶಿಸ್ತುಳ್ಳವರ ಲೈಟರ್. ತುರ್ತಿಗೆಂದು ಚೀಲದ ತಳದಲ್ಲಿ ಆರು ತಿಂಗಳು ಇಡುವವರದಲ್ಲ. ಅತಿಯಾಗಿ ತುಂಬಿ ಜೇಬಿಗೆ ಹಾಕಿಕೊಂಡರೆ ಸೋರಿದ ಇಂಧನ ತೊಡೆಯ ಚರ್ಮವನ್ನು ಕೆಂಪಗೆ ಸುಡುವಂತೆ ಮಾಡುತ್ತದೆ. ಕೈಬಿಟ್ಟರೂ ಆರದೆ ಉರಿಯುವುದರಿಂದ ಒಣಹುಲ್ಲಿನ ಮೇಲೆ ಬಿದ್ದರೆ ಅನಾಹುತ.

ಈ ಲೈಟರಿನ ನಕಲುಗಳೂ ಸಾಕಷ್ಟಿವೆ. ಅಸಲಿನ ತಳದಲ್ಲಿ ತಯಾರಿಕೆಯ ಗುರುತು ಒತ್ತಿರುತ್ತಾರೆ: 2001ರಿಂದ ಈಚೆಗೆ ಒಂದು ಅಕ್ಷರ ತಿಂಗಳನ್ನೂ, ಎರಡು ಅಂಕಿ ವರ್ಷವನ್ನೂ ಸೂಚಿಸುತ್ತವೆ. ನಕಲು ಮಾಡುವವರು ಇದನ್ನೂ ಒತ್ತಬಲ್ಲರು. ಆದಕಾರಣ ಬಿಲ್ಲು ಮತ್ತು ಅಧಿಕೃತ ವಿತರಕರ ಮೂಲವಿಲ್ಲದೆ ಅಸಲೆಂದು ಮಾರುವ ಸಾಹಸ ಬೇಡ.

ಅಂಗಡಿಯಲ್ಲಿಯೇ ಮಾಡಬಹುದಾದ ಪರೀಕ್ಷೆ

ಹೊಸ ಸರಕು ಬಂದಾಗ ಪೆಟ್ಟಿಗೆಯ ಮೇಲಿನ ಸಾಲಿನಿಂದಷ್ಟೇ ಅಲ್ಲದೆ ನಡುವಿನಿಂದಲೂ ತಳದಿಂದಲೂ ಸೇರಿಸಿ ಒಂದು ಡಜನ್ ತೆಗೆಯುವುದು ನಮ್ಮ ಪದ್ಧತಿ. ಪರೀಕ್ಷೆಯನ್ನು ಅಂಗಡಿಯೊಳಗೆ ಮಾಡದೆ ಹಿತ್ತಿಲಿನಲ್ಲಿ, ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಟುಕೊಂಡು ಮಾಡತಕ್ಕದ್ದು.

ಮೊದಲನೆಯದು ತೂಕ. ಚಿನ್ನಬೆಳ್ಳಿ ವರ್ತಕರ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ, ಗುರುತು ಹಾಕಿ, ಬಳಸದೆ ಒಂದು ವಾರ ಇಡುವುದು; ಮತ್ತೆ ತೂಗುವುದು. ದೊಡ್ಡ ಗಾತ್ರದ ಬಿಸಾಡುವ ಲೈಟರಿನಲ್ಲಿ ಇಂಧನ ಸುಮಾರು 4ರಿಂದ 5 ಗ್ರಾಂ. ವಾರಕ್ಕೆ 0.1 ಗ್ರಾಂ ಕಡಮೆಯಾದರೂ ವರ್ಷ ತುಂಬುವುದರೊಳಗೆ ಲೈಟರ್ ಬರಿದು ಎಂದಾಯಿತು. ದಾಸ್ತಾನಿನಲ್ಲಿ ಆರು ತಿಂಗಳು ಉಳಿದ ಸರಕು ಗಿರಾಕಿಯ ಕೈಗೆ ಹೋಗುವಾಗ ಅರ್ಧ ಖಾಲಿ! ಈ ಒಂದು ಪರೀಕ್ಷೆಯೇ ಕೆಟ್ಟ ವಾಲ್ವನ್ನು ಬಯಲಿಗೆಳೆಯುತ್ತದೆ. ಉಳಿದವನ್ನು ಮಾಡಲು ಪುರುಸೊತ್ತಿಲ್ಲದವರು ಇದನ್ನಾದರೂ ಮಾಡಬೇಕೆಂದು ವಿನಂತಿ.

ಎರಡನೆಯದು ನೀರು. ಬಕೆಟ್ಟಿನಲ್ಲಿ ಒಂದು ನಿಮಿಷ ಮುಳುಗಿಸಿ, ತೆಗೆದು, ಜಾಡಿಸಿ, ಗಾಲಿಯನ್ನು ಬಟ್ಟೆಯ ಮೇಲೆ ಉರುಳಿಸಿ, ಎಷ್ಟನೆಯ ಸಲಕ್ಕೆ ಹೊತ್ತಿತೆಂದು ಎಣಿಸುವುದು. ನೀರಿನೊಳಗೆ ಗುಳ್ಳೆ ಎದ್ದರೆ ಅಲ್ಲಿಗೆ ಅದರ ಪರೀಕ್ಷೆ ಮುಗಿಯಿತು. ಗಾಲಿಯ ಹಲ್ಲು ಮೊಂಡಾಗಿರುವುದೂ, ಕಲ್ಲು ಸಡಿಲವಾಗಿರುವುದೂ ಈ ಹಂತದಲ್ಲಿ ಗೊತ್ತಾಗುತ್ತದೆ. ಅಡಿಕೆ ಕೊಯ್ಲು, ಕಾಫಿ ತೋಟದ ಕೆಲಸಗಳಲ್ಲಿ ಬೆರಳು ಸದಾ ಒದ್ದೆ. ಒದ್ದೆ ಹೆಬ್ಬೆರಳಿಗೆ ಜಾರುವ ಗಾಲಿ ಮಲೆನಾಡಿನಲ್ಲಿ ಮಾರುವ ಸರಕಲ್ಲ.

ಬೀಳಿಸುವ ಪರೀಕ್ಷೆಗೆ ಎದೆಮಟ್ಟದ ಎತ್ತರ ಸಾಕು. ಐಎಸ್ಒ 9994 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ ಹೇಳಿರುವುದು 1.5 ಮೀಟರ್. ಬಿದ್ದ ಮೇಲೆ ಸೀಳಬಾರದು, ಸೋರಬಾರದು, ತಾನಾಗಿ ಹೊತ್ತಿಕೊಳ್ಳಬಾರದು. ಗಾಳಿಗೆ ಮೇಜಿನ ಫ್ಯಾನ್ ಸಾಕು. ಶಾಖದ ಪರೀಕ್ಷೆಯನ್ನು ಮಾತ್ರ ಯಾರೂ ಕೈಯಾರೆ ಮಾಡಬಾರದು. ಅದೇ ಮಾನಕದ ಪ್ರಕಾರ ಲೈಟರ್ 65 ಡಿಗ್ರಿ ಶಾಖವನ್ನು ತಡೆಯಬೇಕು, ದ್ರವ ಇಂಧನವು ಟ್ಯಾಂಕಿನ ಶೇಕಡ 85ನ್ನು ಮೀರಬಾರದು. ಇವಕ್ಕೆ ಪ್ರಯೋಗಾಲಯದ ಪ್ರಮಾಣಪತ್ರವನ್ನು ಪೂರೈಕೆದಾರರಿಂದ ಕೇಳಿ ಪಡೆಯುವುದು. ಕೇಳಿದೊಡನೆ ಮಾತು ತೇಲಿಸುವವರ ಸರಕು ಎಷ್ಟು ಅಗ್ಗವಾದರೂ ತುಟ್ಟಿಯೇ.

ಕಾನೂನಿನ ಕಡೆ

ಹತ್ತು ರೂಪಾಯಿಯ ಆಮದು ಲೈಟರ್‌ಗಳು ದೇಶವನ್ನು ತುಂಬಿದಾಗ ಮೊದಲು ಪೆಟ್ಟು ಬಿದ್ದುದು ಬೆಂಕಿಪೊಟ್ಟಣದ ಉದ್ಯಮಕ್ಕೆ. ತಮಿಳುನಾಡಿನ ಕೋವಿಲ್‌ಪಟ್ಟಿ, ಸಾತ್ತೂರು, ಶಿವಕಾಶಿ, ಗುಡಿಯಾತ್ತಂ ಭಾಗಗಳಲ್ಲಿ ಈ ಕೆಲಸವನ್ನು ನಂಬಿದವರಲ್ಲಿ ಮಹಿಳೆಯರೇ ಹೆಚ್ಚು. ಅಲ್ಲಿನ ಉತ್ಪಾದಕರ ಅಹವಾಲಿನ ಮೇಲೆ ಆ ರಾಜ್ಯದ ಮುಖ್ಯಮಂತ್ರಿ ಎಂ. ಕೆ. ಸ್ಟಾಲಿನ್ 2022ರಲ್ಲಿ ಕೇಂದ್ರಕ್ಕೆ ಪತ್ರ ಬರೆದರು. 2023ರ ಜೂನ್ ಕೊನೆಯಲ್ಲಿ ಕೇಂದ್ರ ಸರ್ಕಾರವು 20 ರೂಪಾಯಿಗಿಂತ ಕಡಮೆ ಆಮದು ಬೆಲೆಯ ಸಿಗರೇಟ್ ಲೈಟರ್‌ಗಳ ಆಮದನ್ನು ನಿಷೇಧಿಸಿತು. ಅದೇ ಜುಲೈನಲ್ಲಿ ಲೈಟರ್‌ಗಳಿಗೆ ಗುಣಮಟ್ಟ ನಿಯಂತ್ರಣ ಆದೇಶ ಹೊರಟಿತು. ಮೇಲೆ ಹೇಳಿದ ಐಎಸ್ಒ ಮಾನಕವನ್ನೇ ಭಾರತೀಯ ಮಾನಕವಾಗಿ ಅಳವಡಿಸಿ, ಐಎಸ್ಐ ಗುರುತು ಕಡ್ಡಾಯವೆಂದು ಅದು ವಿಧಿಸಿತು. ಬಿಡಿಭಾಗಗಳನ್ನು ತರಿಸಿ ಇಲ್ಲಿ ಜೋಡಿಸುವ ದಾರಿಯನ್ನು ಕೆಲವರು ಹಿಡಿದ ಮೇಲೆ, 2024ರ ಅಕ್ಟೋಬರ್‌ನಲ್ಲಿ ಜೇಬು ಲೈಟರ್ ಬಿಡಿಭಾಗಗಳ ಆಮದನ್ನೂ ನಿಷೇಧಿಸಲಾಯಿತು.

ಇಂಥ ಆದೇಶಗಳಿಗೆ ತಿದ್ದುಪಡಿ, ವಿನಾಯಿತಿಗಳು ಬರುತ್ತಿರುವುದು ಸಹಜ. ಖರೀದಿಗೆ ಮುನ್ನ ಅಂದಿನ ಸ್ಥಿತಿಯನ್ನು ತಮ್ಮ ತೆರಿಗೆ ಸಲಹೆಗಾರರಲ್ಲಿ ವಿಚಾರಿಸಿಕೊಳ್ಳುವುದು ಲೇಸು. ಐಎಸ್ಐ ಗುರುತಿನ ಜೊತೆಗಿರುವ ಪರವಾನಗಿ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಮೊಬೈಲ್ ಆಪ್‌ನಲ್ಲಿ ಪರಿಶೀಲಿಸಬಹುದು. ಬಿಲ್ಲಿಲ್ಲದ ಸರಕನ್ನು ಗುರುತಿಲ್ಲದೆ ಮಾರುವವರು ಸಿಕ್ಕಿಬಿದ್ದಾಗ, ದಂಡ ತೆರಬೇಕಾಗುವುದು ಎಲ್ಲೋ ಇರುವ ಆಮದುದಾರರಲ್ಲ, ಅಂಗಡಿಯಲ್ಲಿ ಕುಳಿತ ನಾವು.

ಯಾರಿಗೆ ಯಾವುದು?

ತೋಟದ ರೈಟರ್, ಮೇಸ್ತ್ರಿಗಳಿಗೆ, ದೋಣಿಯವರಿಗೆ, ಲಾರಿ ಚಾಲಕರಿಗೆ, ಪಶ್ಚಿಮಘಟ್ಟದ ಚಾರಣಿಗರಿಗೆ ನಾವು ಈಗ ಕೊಡುವುದು ಒಂದೇ: ದಪ್ಪ ಕವಚದ, ಕಲ್ಲುಗಾಲಿಯ, ಜ್ವಾಲೆಯ ಎತ್ತರ ಬದಲಾಗದ ಸಾಧಾರಣ ಲೈಟರ್. ಒಂದಲ್ಲ, ಎರಡು, ಎರಡನ್ನೂ ಬೇರೆ ಬೇರೆ ಜೇಬಿನಲ್ಲಿ ಇಡಲು ಹೇಳುತ್ತೇವೆ. ಜೊತೆಗೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದ ಒಂದು ಬೆಂಕಿಪೊಟ್ಟಣ. ನೋಡಲು ಇದರಲ್ಲಿ ಏನೂ ವಿಶೇಷವಿಲ್ಲ. ಆದರೆ ನಮ್ಮ ಹಿತ್ತಿಲಿನ ಬಕೆಟ್ಟಿನಿಂದ ಎದ್ದು ಬಂದು ಮೊದಲು ಹೊತ್ತಿದ್ದು ಪ್ರತಿ ಸಲವೂ ಈ ಜಾತಿಯದೇ. ಗಾಲಿಯ ಮೇಲೆ ಮಕ್ಕಳ ಸುರಕ್ಷತೆಗೆಂದು ಹಾಕಿದ ತಗಡಿನ ಪಟ್ಟಿ ಕೆಲವದರಲ್ಲಿ ಇರುತ್ತದೆ. ಅಮೆರಿಕದಲ್ಲಿ 1994ರಿಂದ ಇಂಥ ರಕ್ಷಣೆ ಕಡ್ಡಾಯ. ಹೊತ್ತಿಸಲು ತುಸು ಬಲ ಬೇಕಾಗುವುದೆಂದು ಗಿರಾಕಿಗಳು ಕಿತ್ತುಕೊಡಲು ಕೇಳುತ್ತಾರೆ, ಕಿತ್ತುಕೊಡಕೂಡದು.

ಸಣ್ಣ ಉತ್ಪಾದಕರಿಗೆ ಲೈಟರನ್ನೇ ತಯಾರಿಸುವುದು ಬಂಡವಾಳ ಮತ್ತು ಪರವಾನಗಿಯ ಮಾತು. ಆದರೆ ರಬ್ಬರ್ ಉಂಗುರದ ಮುಚ್ಚಳವುಳ್ಳ ನೀರು ನುಗ್ಗದ ಡಬ್ಬಿ, ಕುತ್ತಿಗೆಗೆ ತೂಗುಹಾಕುವ ದಾರದ ಚೀಲ, ಒತ್ತುಗುಂಡಿಗೆ ಏನೂ ತಾಗದಂತೆ ಕಾಯುವ ಕವಚ ಇವುಗಳನ್ನು ನಮ್ಮ ಕೈಗಾರಿಕಾ ವಸಾಹತುಗಳಲ್ಲಿ ಇರುವ ಅಚ್ಚುಗಳಲ್ಲಿಯೇ ಮಾಡಬಹುದು. ಇವನ್ನು ಕೇಳಿಕೊಂಡು ಬರುವ ಗಿರಾಕಿಗಳಿದ್ದಾರೆ, ಕೊಡಲು ಸರಕಿಲ್ಲ.

ಅಭಯಾರಣ್ಯಗಳಿಗೆ ಹೋಗುವವರಿಗೆ ಒಂದು ಮಾತನ್ನು ಬಾಯಿಬಿಟ್ಟು ಹೇಳುವುದು ಒಳಿತು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೆಯ ಪ್ರಕರಣದಂತೆ ಅಭಯಾರಣ್ಯಕ್ಕೆ ಅಪಾಯವಾಗುವ ಹಾಗೆ ಬೆಂಕಿ ಹಚ್ಚುವುದೂ, ಉರಿಯುವ ಬೆಂಕಿಯನ್ನು ಬಿಟ್ಟುಬರುವುದೂ ಅಪರಾಧ.

ಹಿಮಾಲಯಕ್ಕೆ ವಿಮಾನದಲ್ಲಿ ಹೊರಟವರಿಗೆ ಲೈಟರ್ ಮಾರುವುದನ್ನು ನಾವು ನಿಲ್ಲಿಸಿದ್ದೇವೆ. ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಚೀಲದಲ್ಲಿಯೂ, ಒಪ್ಪಿಸುವ ಸಾಮಾನಿನಲ್ಲಿಯೂ ಅದಕ್ಕೆ ಅವಕಾಶವಿಲ್ಲ; ತಪಾಸಣೆಯಲ್ಲಿ ಕಿತ್ತಿಡುತ್ತಾರೆ. ತಲಪಿದ ಊರಿನಲ್ಲಿ ಎರಡು ಕಲ್ಲುಗಾಲಿ ಲೈಟರ್ ಕೊಂಡು ಒಳಜೇಬಿನಲ್ಲಿಟ್ಟುಕೊಳ್ಳಿ ಎಂದು ಹೇಳಿ ಕಳುಹಿಸುತ್ತೇವೆ. ಸರಕು ಸಾಗಣೆಗೂ ಇದೇ ಎಚ್ಚರ ಬೇಕು. ಅನಿಲ ತುಂಬಿದ ಲೈಟರ್‌ಗಳು ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಯುಎನ್ 1057 ಎಂಬ ಸಂಖ್ಯೆಯಡಿ ಬರುತ್ತವೆ. ಆಟಿಕೆ ಎಂದೋ ಸ್ಟೇಷನರಿ ಎಂದೋ ಬರೆದು ಕೊರಿಯರಿಗೆ ಕೊಡುವ ಚಾಳಿ ಕೆಲವರಲ್ಲಿದೆ. ನಮ್ಮ ಸರಕು ಈಗ ಬೇಸಿಗೆಯಲ್ಲಿ ರಾತ್ರಿ ಹೊತ್ತು ಮಾತ್ರ ಬರುತ್ತದೆ, ನೇರವಾಗಿ ನೆರಳಿನ ಕೋಣೆಗೆ ಇಳಿಯುತ್ತದೆ. ವ್ಯಾನಿನ ಬಾಡಿಗೆ ತುಸು ಹೆಚ್ಚು ಬೀಳುತ್ತದೆ.